ಮೂರು ಸಾವಿರ ಪ್ರತಿ ಮಾತ್ರ: ಧ್ವನಿಮುದ್ರಿಕೆ ಸಂಗ್ರಾಹಕರ ಪ್ರಶ್ನೆಗಳು

ಚಲನಚಿತ್ರ ಸಂಗೀತದ ಸಿಡಿ, ಎಲ್‌ಪಿ, ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಶ್ರದ್ಧೆಯಿಂದ ಕೂಡಿಸಿಡುವವರು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಎಷ್ಟೊಂದು ಮಂದಿ ಇದ್ದಾರೆಂಬುದು ಈ ಅಂಕಣಕ್ಕೆ ಬಂದ ಪತ್ರಗಳಿಂದ ತಿಳಿಯಿತು. ಹೆಚ್ಚಿನ ಪತ್ರಗಳ ಅಳಲು ಒಂದೇ ಆಗಿದೆ. ‘ಲಿಮಿಟೆಡ್ ಎಡಿಷನ್’ ಎಂಬ ಹೆಸರಿನಲ್ಲಿ ಎಣಿಸಿದಷ್ಟೇ ಪ್ರತಿಗಳಾಗಿ ಹೊರಬರುವ ಮುದ್ರಿಕೆಗಳು ನಮ್ಮ ಕಡೆಯವರ ಕೈಗೆ ಸಿಗುವುದಿಲ್ಲ. ಸಿಕ್ಕರೂ ನೆಟ್ಟಗೆ ಬಂದು ತಲುಪುವುದಿಲ್ಲ. ಆದ್ದರಿಂದ ಈ ಸಲ ಉಳಿದ ವಿಷಯಗಳನ್ನು ಬದಿಗಿರಿಸಿ ಇದೊಂದನ್ನೇ ತೆಗೆದುಕೊಂಡಿದ್ದೇನೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಮಾಡಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಕಾಲೇಜು ದಿನಗಳಿಂದಲೂ ಹಾಲಿವುಡ್ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಕೇಳಿಕೊಂಡು ಬಂದವನು. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಸಂಸ್ಥೆ, ನನಗೆ ಬಹಳ ಪ್ರಿಯವಾದ ಹಳೆಯ ಚಿತ್ರವೊಂದರ ಪೂರ್ಣ ಸಂಗೀತವನ್ನು ಎರಡು ಸಿಡಿಗಳಲ್ಲಿ ತರುವುದಾಗಿ ಪ್ರಕಟಿಸಿತು. ಒಟ್ಟು 3000 ಪ್ರತಿ ಮಾತ್ರ ಎಂದಿತು. ನಡುರಾತ್ರಿ ಎದ್ದು ಕುಳಿತು ಹಣ ಕಟ್ಟಲು ಹೋದರೆ ಬ್ಯಾಂಕಿನ ಕಾರ್ಡು ನಡೆಯಲಿಲ್ಲ. ಬೆಳಗ್ಗೆ ನೋಡುವಷ್ಟರಲ್ಲಿ ಎಲ್ಲವೂ ಮಾರಾಟವಾಗಿತ್ತು. ಅದೇ ವಾರ ಅದೇ ಸಿಡಿ ಮರುಮಾರಾಟದ ತಾಣವೊಂದರಲ್ಲಿ ನಾಲ್ಕು ಪಟ್ಟು ಬೆಲೆಗೆ ಕಾಣಿಸಿಕೊಂಡಿತು. ಬೇಕೆನ್ನುವವರು ಇಷ್ಟು ಮಂದಿ ಇರುವಾಗ ಹತ್ತು ಸಾವಿರ ಪ್ರತಿ ಮಾಡಿದರೆ ಅವರಿಗೇನು ನಷ್ಟ?
(ಓದುಗರು, ಕೌಲ್ ಬಜಾರ್, ಬಳ್ಳಾರಿ)

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಆದರೆ ನೀವು ಹೇಳಿದ ಬಗೆಯ ಸಿಡಿಯ ವಿಷಯದಲ್ಲಿ 3000 ಎಂಬ ಮಿತಿಯನ್ನು ವ್ಯಾಪಾರಿಯ ತಂತ್ರ ಎಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ವಾದ್ಯಗಾರರ ಸಂಭಾವನೆಯ ಲೆಕ್ಕವಿದೆ.

ಅಮೆರಿಕದ ವಾದ್ಯಗಾರರ ಸಂಘವಾದ ಅಮೆರಿಕನ್ ಫೆಡರೇಷನ್ ಆಫ್ ಮ್ಯುಸಿಷಿಯನ್ಸ್ ಚಿತ್ರ ನಿರ್ಮಾಣ ಸಂಸ್ಥೆಗಳೊಂದಿಗೆ ಮಾಡಿಕೊಂಡಿರುವ ಒಪ್ಪಂದದಂತೆ, ಚಿತ್ರಕ್ಕಾಗಿ ನುಡಿಸಿದ ಸಂಗೀತವನ್ನು ಪ್ರತ್ಯೇಕ ಮುದ್ರಿಕೆಯಾಗಿ ಮಾರಬೇಕಾದರೆ ನುಡಿಸಿದವರಿಗೆ ಮತ್ತೊಮ್ಮೆ ಹಣ ಕೊಡಬೇಕು. ಎಂಬತ್ತು ತೊಂಬತ್ತು ಜನರ ವಾದ್ಯವೃಂದಕ್ಕೆ ಹೀಗೆ ಕೊಡಬೇಕಾಗುವ ಮೊತ್ತ ಸಣ್ಣದಲ್ಲ, ಮತ್ತು ಮುದ್ರಿಕೆಗೆ ಸೇರಿಸುವ ಸಂಗೀತ ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ. 1980 ಮತ್ತು 90ರ ದಶಕಗಳಲ್ಲಿ ಲಾಸ್ ಏಂಜಲೀಸಿನಲ್ಲಿ ಧ್ವನಿಮುದ್ರಣಗೊಂಡ ಎಷ್ಟೋ ಚಿತ್ರಗಳ ಸಿಡಿಗಳು ಅರ್ಧ ಗಂಟೆಗೇ ಮುಗಿದುಹೋಗುತ್ತಿದ್ದುದಕ್ಕೂ, ಅದೇ ಕಾಲದಲ್ಲಿ ಈ ಒಪ್ಪಂದಕ್ಕೆ ಒಳಪಡದ ಲಂಡನ್ನಿನಲ್ಲಿ ನುಡಿಸಿದ ಸಂಗೀತದ ಸಿಡಿಗಳು ಒಂದು ಗಂಟೆಯವರೆಗೂ ಇರುತ್ತಿದ್ದುದಕ್ಕೂ ಇದೇ ಕಾರಣ. ಆಮೇಲೆ ಸಂಘವು ಹಳೆಯ ಚಿತ್ರಗಳ ಸಂಗೀತವನ್ನು ಕಡಿಮೆ ದರದಲ್ಲಿ ಹೊರತರಲು ಒಪ್ಪಿಕೊಂಡಿತು. ಆದರೆ ಪ್ರತಿಗಳ ಸಂಖ್ಯೆಗೆ ಮಿತಿಯನ್ನು ಹಾಕಿತು. ನೀವು ಮತ್ತೆ ಮತ್ತೆ ನೋಡುವ 3000 ಎಂಬ ಅಂಕೆ ಬಹುಮಟ್ಟಿಗೆ ಅಲ್ಲಿಂದ ಬಂದದ್ದು. ಇದರ ಜೊತೆಗೆ ಚಿತ್ರದ ಹಕ್ಕು ಇರುವ ಸ್ಟುಡಿಯೊ ಕೂಡ ಇಂತಿಷ್ಟು ಪ್ರತಿಗಳಿಗೆ ಮಾತ್ರ ಪರವಾನಗಿ ಕೊಡುತ್ತದೆ. ಅದನ್ನು ಮೀರಿ ಒಂದು ಪ್ರತಿ ಒತ್ತಿದರೂ ಒಪ್ಪಂದ ಮುರಿದಂತೆ.

ಇನ್ನೊಂದು ಮಾತನ್ನೂ ಹೇಳಬೇಕು. ಈ ಕೆಲಸ ಮಾಡುವ ಸಂಸ್ಥೆಗಳು ದೊಡ್ಡವಲ್ಲ. 1978ರಲ್ಲಿ ಆರಂಭವಾಗಿ 1989ರಿಂದ ಸೀಮಿತ ಪ್ರತಿಗಳ ಸಿಡಿ ಕ್ಲಬ್ ನಡೆಸಿದ ವರೇಸ್ ಸರಬಾಂಡ್, 1985ರಲ್ಲಿ ಶುರುವಾದ ಇಂಟ್ರಾಡಾ, 2002ರಲ್ಲಿ ಬಂದ ಲಾ-ಲಾ ಲ್ಯಾಂಡ್, ಸ್ಪೇನಿನ ಕ್ವಾರ್ಟೆಟ್, ಇವೆಲ್ಲ ಕೆಲವೇ ಜನರ ಆಸಕ್ತಿಯಿಂದ ಬೆಳೆದವು. ಸ್ಟುಡಿಯೊದ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಟೇಪುಗಳನ್ನು ಹುಡುಕಿ ತೆಗೆದು, ಹಾಳಾದ ಕಡೆಗಳನ್ನು ಸರಿಪಡಿಸಿ, ಯಾವ ತುಣುಕು ಯಾವ ದೃಶ್ಯದ್ದೆಂದು ಗುರುತಿಸಿ, ಜೊತೆಗೊಂದು ವಿವರವಾದ ಕಿರುಪುಸ್ತಕವನ್ನೂ ಬರೆಸಿ ಸಿಡಿಯನ್ನು ತರುತ್ತಾರೆ. ಗಂಟೆಗಳಲ್ಲಿ ಖರ್ಚಾಗುವ ಸಿಡಿಯೊಂದನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಅದೇ 3000 ಪ್ರತಿಗಳ ಮಿತಿ ಹಾಕಿಕೊಂಡು ವರ್ಷಗಟ್ಟಲೆ ಗೋದಾಮಿನಲ್ಲಿ ಉಳಿದ ಸಿಡಿಗಳೂ ಸಾಕಷ್ಟಿವೆ. ಯಾವುದು ಓಡುತ್ತದೆ, ಯಾವುದು ಕೂರುತ್ತದೆ ಎಂದು ಮೊದಲೇ ಹೇಳಲು ಅವರಿಗೂ ಸಾಧ್ಯವಿಲ್ಲ.

ಎಲ್ಲ ಮಿತಿಗಳೂ ಹೀಗೆ ಪ್ರಾಮಾಣಿಕವಾದವು ಎಂದು ನಾನು ಹೇಳುತ್ತಿಲ್ಲ. ಈಗೀಗ ಎಲ್‌ಪಿಗಳಲ್ಲಿ ಒಂದೇ ಸಂಗೀತವನ್ನು ಕೆಂಪು ಬಣ್ಣದ ತಟ್ಟೆಯಲ್ಲಿ 500, ನೀಲಿಯಲ್ಲಿ 500, ಚುಕ್ಕೆ ಎರಚಿದಂಥದ್ದರಲ್ಲಿ 300 ಎಂದು ಹಂಚಿ, ಒಂದೊಂದನ್ನೂ ‘ಅಪರೂಪ’ ಎಂದು ಕೂಗಿ ಮಾರುವ ರೂಢಿ ಬೆಳೆದಿದೆ. ಅಲ್ಲಿ ಸಂಗೀತಕ್ಕೆ ಯಾವ ಮಿತಿಯೂ ಇಲ್ಲ, ಮಿತಿ ಇರುವುದು ಬಣ್ಣಕ್ಕೆ. ಸಂಗ್ರಾಹಕನ ಆತಂಕವನ್ನೇ ಬಂಡವಾಳ ಮಾಡಿಕೊಳ್ಳುವ ಈ ಪದ್ಧತಿ ನನಗೆ ಸರಿಕಾಣುವುದಿಲ್ಲ. ಆದ್ದರಿಂದ ಪ್ರಕಟಣೆಯನ್ನು ಓದುವಾಗ ಮಿತಿ ಯಾವುದಕ್ಕೆ ಎಂಬುದನ್ನು ಗಮನಿಸಿ. ಆ ಸಂಗೀತ ಈ ಹಿಂದೆ ಎಲ್ಲಿಯೂ ಬಂದಿಲ್ಲದೆ ಒಟ್ಟು ಪ್ರತಿಗಳಿಗೇ ಮಿತಿ ಇದ್ದರೆ ತಡಮಾಡಬೇಡಿ. ಬಣ್ಣ, ಹೊದಿಕೆ, ಕ್ರಮಸಂಖ್ಯೆ ಇವುಗಳಿಗೆ ಮಾತ್ರ ಮಿತಿ ಇದ್ದರೆ ನಿದ್ರೆಗೆಡುವ ಅಗತ್ಯವಿಲ್ಲ. ಕಪ್ಪು ತಟ್ಟೆ ನಿಧಾನವಾಗಿ ಸಿಗುತ್ತದೆ.

ಇನ್ನು ನಿಮ್ಮ ಕಾರ್ಡಿನ ವಿಷಯ. ರಿಸರ್ವ್ ಬ್ಯಾಂಕು 2020ರಲ್ಲಿ ಜಾರಿಗೆ ತಂದ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಪಾವತಿಯನ್ನು ಗ್ರಾಹಕರೇ ಬ್ಯಾಂಕಿನ ಆ್ಯಪಿನಲ್ಲಿ ತೆರೆದು ಅದರ ಮಿತಿಯನ್ನು ನಿಗದಿ ಮಾಡಿಕೊಳ್ಳಬೇಕು. ಇದನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ, ಸಿಡಿ ಕೈಗೆ ಬಂದ ಮೇಲೆ ಮುಚ್ಚಿಬಿಡಿ. ಕ್ಯಾಲಿಫೋರ್ನಿಯಾದ ಮಧ್ಯಾಹ್ನ 12 ಗಂಟೆ ಎಂದರೆ ಅಲ್ಲಿಯ ಬೇಸಿಗೆಯಲ್ಲಿ ನಮಗೆ ನಡುರಾತ್ರಿ 12.30, ಚಳಿಗಾಲದಲ್ಲಿ 1.30 ಆಗುತ್ತದೆ. ಅವರು ವರ್ಷಕ್ಕೆ ಎರಡು ಬಾರಿ ಗಡಿಯಾರ ಬದಲಿಸುವುದನ್ನು ಮರೆತು ಒಂದು ಗಂಟೆ ತಡವಾದವರೂ ನನಗೆ ಬರೆದಿದ್ದಾರೆ. ಮರುಮಾರಾಟದ ಬೆಲೆಯ ವಿಷಯದಲ್ಲಿ ನನ್ನ ಸಲಹೆಯೆಂದರೆ, ಮೊದಲ ವಾರದಲ್ಲಿ ಕೊಳ್ಳಬೇಡಿ. 2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ತಾಣದಲ್ಲಿ ಪ್ರತಿ ಮುದ್ರಿಕೆಯ ಪುಟದಲ್ಲೂ ಅದು ಈವರೆಗೆ ನಿಜವಾಗಿ ಮಾರಾಟವಾದ ಕನಿಷ್ಠ, ಮಧ್ಯಮ, ಗರಿಷ್ಠ ಬೆಲೆಗಳನ್ನು ಕೊಟ್ಟಿರುತ್ತಾರೆ. ಮಾರುವವನು ಕೇಳುವ ಬೆಲೆಯನ್ನು ನೋಡದೆ ಆ ಅಂಕಿಗಳನ್ನು ನೋಡಿ. ಮೇಲಾಗಿ ಎಷ್ಟೋ ‘ಮುಗಿದುಹೋದ’ ಸಿಡಿಗಳು ಹೊಸ ಪರವಾನಗಿಯೊಂದಿಗೆ, ಹಲವು ಸಲ ಮೊದಲಿಗಿಂತ ಹೆಚ್ಚಿನ ಸಂಗೀತದೊಂದಿಗೆ, ಕೆಲವು ವರ್ಷಗಳಲ್ಲಿ ಮತ್ತೆ ಬಂದಿವೆ. ಆಗ ನಾಲ್ಕು ಪಟ್ಟು ಕೊಟ್ಟು ತಂದುಕೊಂಡವರ ಸಿಡಿ ಮೂಲ ಬೆಲೆಗೂ ಬಾಳುವುದಿಲ್ಲ.

ಪ್ರಶ್ನೆ: ಹೊರದೇಶದವರು ತಮ್ಮ ಅರವತ್ತು ವರ್ಷ ಹಳೆಯ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಹುಡುಕಿ ಹೊರತರುತ್ತಿರುವಾಗ ನಮ್ಮ ಕನ್ನಡ ಚಿತ್ರಗಳ ಹಿನ್ನೆಲೆ ಸಂಗೀತ ಒಂದು ಸಿಡಿಯಾಗಿಯೂ ಏಕೆ ಸಿಗುವುದಿಲ್ಲ? ಸೀಮಿತ ಆವೃತ್ತಿಯೇ ಆಗಲಿ, ಇನ್ನೂರು ಪ್ರತಿಯಾದರೂ ಮಾಡಬಾರದೇ? ನಾವು ಕೆಲವು ಗೆಳೆಯರು ಮುಂಗಡ ಹಣ ಕೊಡಲೂ ಸಿದ್ಧರಿದ್ದೇವೆ.
(ನಿವೃತ್ತ ಶಿಕ್ಷಕರು, ರಾಯಚೂರು)

ಉತ್ತರ: ಗುರುಗಳೇ, ನೀವು ಕೇಳಿದ್ದು ನನ್ನ ಮನಸ್ಸನ್ನು ಬಹುಕಾಲದಿಂದ ಕೊರೆಯುತ್ತಿರುವ ವಿಷಯ. ಸೀಮಿತ ಆವೃತ್ತಿ ಕೈತಪ್ಪಿತೆಂದು ಕೊರಗುವವನಿಗೆ ಆ ಸಂಗೀತ ಎಲ್ಲೋ ಒಂದು ಕಡೆ ಉಳಿದಿದೆ ಎಂಬ ಸಮಾಧಾನವಾದರೂ ಇರುತ್ತದೆ. ನಮ್ಮ ಹಿನ್ನೆಲೆ ಸಂಗೀತದ ವಿಷಯದಲ್ಲಿ ಬಹುಪಾಲು ಆ ಸಮಾಧಾನವೂ ಇಲ್ಲ.

ಮೊದಲ ಕಾರಣ ತಟ್ಟೆಯ ಅಳತೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷ, ಅಂದರೆ ಒಂದು ಹಾಡು. ನಮ್ಮ ಚಿತ್ರಗೀತೆಯ ಅಳತೆಯೇ ಅದರಿಂದ ಬಂತು. ಅನಂತರ ಬಂದ ಏಳು ಅಂಗುಲದ ಇಪಿಯಲ್ಲಿ ಬದಿಗೆ ಎರಡರಂತೆ ನಾಲ್ಕು ಹಾಡು ಹಿಡಿದವು. ಹಾಡುಗಳಿಗೇ ಜಾಗ ಸಾಲದಿರುವಾಗ ಹಿನ್ನೆಲೆ ಸಂಗೀತವನ್ನು ಯಾರು ಹಾಕುತ್ತಾರೆ? ಎಲ್‌ಪಿ ಬಂದು ಜಾಗ ಹೆಚ್ಚಿದಾಗಲೂ, ಕ್ಯಾಸೆಟ್ಟು ಬಂದು ಗಂಟೆಗಟ್ಟಲೆ ಹಿಡಿಯುವಂತಾದಾಗಲೂ ಧ್ವನಿಸುರುಳಿ ಕಂಪನಿಗಳು ಆ ಜಾಗವನ್ನು ಚಿತ್ರದ ಸಂಭಾಷಣೆಗೆ ಕೊಟ್ಟವು. ಕಥೆ ಸಂಭಾಷಣೆಯ ಆ ಕ್ಯಾಸೆಟ್ಟುಗಳನ್ನು ನಮ್ಮ ಊರುಗಳ ಹೋಟೆಲುಗಳಲ್ಲಿ, ಮದುವೆ ಚಪ್ಪರದ ಧ್ವನಿವರ್ಧಕಗಳಲ್ಲಿ ಜನ ಬಾಯಿಪಾಠವಾಗುವಷ್ಟು ಕೇಳಿದ್ದಾರೆ. ಚಿತ್ರದ ಹಿನ್ನೆಲೆ ಸಂಗೀತದ ಅಷ್ಟೋ ಇಷ್ಟೋ ಚೂರುಗಳು ಉಳಿದಿದ್ದರೆ ಆ ಮಾತುಗಳ ಕೆಳಗೇ ಉಳಿದಿವೆ.

ಸಂಭಾಷಣೆಯ ಪ್ರಸ್ತಾಪ ಬಂದುದರಿಂದ ಅಮೆರಿಕದ ಒಂದು ಸಂಗತಿಯನ್ನು ಹೇಳುತ್ತೇನೆ, ಏಕೆಂದರೆ ಅಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. 1954ರ ‘ದಿ ಕೇನ್ ಮ್ಯೂಟಿನಿ’ ಚಿತ್ರಕ್ಕಾಗಿ ಆರ್‌ಸಿಎ ವಿಕ್ಟರ್ ಕಂಪನಿ ಸಿದ್ಧಪಡಿಸಿದ ಎಲ್‌ಪಿಯ ಎರಡನೆಯ ಬದಿಯಲ್ಲಿ ಚಿತ್ರದ ಸೈನಿಕ ನ್ಯಾಯಾಲಯದ ದೃಶ್ಯದ ಸಂಭಾಷಣೆಯನ್ನು ಹಾಕಲಾಗಿತ್ತು. ಮೂಲ ಕಾದಂಬರಿಕಾರರು ಅದಕ್ಕೆ ಕಟುವಾಗಿ ಆಕ್ಷೇಪಿಸಿದ್ದರಿಂದ ತಟ್ಟೆಯನ್ನು ಬಿಡುಗಡೆಗೆ ಮುನ್ನವೇ ಹಿಂದೆಗೆದುಕೊಂಡರು. ಹೇಗೋ ಹೊರಗೆ ಉಳಿದುಹೋದ ಬೆರಳೆಣಿಕೆಯ ಪ್ರತಿಗಳು ಇಂದು ಚಿತ್ರಸಂಗೀತದ ಸಂಗ್ರಾಹಕರು ಅತಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ತಟ್ಟೆಗಳಲ್ಲಿ ಸೇರಿವೆ. ಯಾರೂ ಮಿತಿ ಹಾಕದೆಯೇ ಸೀಮಿತವಾದ ಮುದ್ರಿಕೆ ಅದು.

ಎರಡನೆಯ ಕಾರಣ ಇನ್ನೂ ನೋವಿನದು. 1950ರಿಂದ 80ರ ದಶಕದವರೆಗಿನ ಹೆಚ್ಚಿನ ಕನ್ನಡ ಚಿತ್ರಗಳ ರೀರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತದ ಮುದ್ರಣ, ಮದರಾಸಿನ ಸ್ಟುಡಿಯೊಗಳಲ್ಲಿ ನಡೆಯಿತು. ಅಲ್ಲಿ ನುಡಿಸಿದ ಸಂಗೀತವನ್ನು ಸಂಭಾಷಣೆ ಮತ್ತು ಇತರ ಸದ್ದುಗಳೊಂದಿಗೆ ಬೆರೆಸಿ ಫಿಲ್ಮಿನ ಅಂಚಿನ ಒಂದೇ ಧ್ವನಿಪಥಕ್ಕೆ ಇಳಿಸುತ್ತಿದ್ದರು. ಬೆರೆಸುವ ಮೊದಲಿನ ಮ್ಯಾಗ್ನೆಟಿಕ್ ಟೇಪು ದುಬಾರಿಯಾಗಿದ್ದುದರಿಂದ ಅದನ್ನು ಅಳಿಸಿ ಮುಂದಿನ ಚಿತ್ರಕ್ಕೆ ಬಳಸುವ ರೂಢಿಯಿತ್ತು. ಹಾಡುಗಳು ಗ್ರಾಮಫೋನ್ ಕಂಪನಿಗೆ ಹೋಗುತ್ತಿದ್ದುದರಿಂದ ಉಳಿದುಕೊಂಡವು. ಹಿನ್ನೆಲೆ ಸಂಗೀತಕ್ಕೆ ಅಂಥ ಎರಡನೆಯ ಮನೆ ಇರಲಿಲ್ಲ. ಅಮೆರಿಕದಲ್ಲಿ ಸ್ಟುಡಿಯೊಗಳೇ ಟೇಪುಗಳನ್ನು ಕಾಪಾಡಿಕೊಂಡು ಬಂದವು. ಅಲ್ಲಿಯೂ 2008ರ ಜೂನ್ 1ರಂದು ಯೂನಿವರ್ಸಲ್ ಸ್ಟುಡಿಯೊದ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಅಪಾರ ಸಂಖ್ಯೆಯ ಮೂಲ ಧ್ವನಿಮುದ್ರಣಗಳು ಸುಟ್ಟುಹೋದವು ಎಂಬುದು ಬೇರೆ ಮಾತು.

ನಿಮ್ಮ ಇನ್ನೂರು ಪ್ರತಿಯ ಸಲಹೆ ಹಳೆಯ ಚಿತ್ರಗಳಿಗೆ ಆಗಿಬರಲಿಕ್ಕಿಲ್ಲ. ಇತ್ತೀಚಿನ ಚಿತ್ರಗಳಿಗೆ ಖಂಡಿತ ಆಗಿಬರುತ್ತದೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಕಡತಗಳಾಗಿ ಮುದ್ರಣಗೊಳ್ಳುತ್ತದೆ. ಕೆಲವು ಚಿತ್ರಗಳ ಹಿನ್ನೆಲೆ ಸಂಗೀತವನ್ನು ಅಂತರ್ಜಾಲದಲ್ಲಿ ಕೇಳಲು ಬಿಡುತ್ತಲೂ ಇದ್ದಾರೆ. ನೀವು ಪತ್ರ ಬರೆಯುವುದಾದರೆ ಅಭಿಮಾನಿಗಳ ಬೇಡಿಕೆ ಎಂದು ಬರೆಯದೆ, ಇಂತಿಷ್ಟು ಜನ ಮುಂಗಡ ಕೊಡಲು ಸಿದ್ಧರಿದ್ದೇವೆ ಎಂದು ಸಹಿಗಳೊಂದಿಗೆ ನಿರ್ಮಾಪಕರಿಗೂ ಆಡಿಯೊ ಕಂಪನಿಗೂ ಒಟ್ಟಿಗೆ ಬರೆಯಿರಿ. ಹಾಡುಗಳ ಹಕ್ಕು ಕಂಪನಿಗೆ ಹೋಗಿದ್ದರೂ ಹಿನ್ನೆಲೆ ಸಂಗೀತದ ಹಕ್ಕು ನಿರ್ಮಾಪಕರಲ್ಲೇ ಉಳಿದಿರುವ ಸಂದರ್ಭಗಳಿವೆ. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕೇಳಿದರೆ ಅವರು ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ.

ಪ್ರಶ್ನೆ: ಹಳೆಯ ಚಿತ್ರಗೀತೆಗಳ ಮರುಮುದ್ರಣವೆಂದು, ಕ್ರಮಸಂಖ್ಯೆ ಹಾಕಿದ ಬಣ್ಣದ ಎಲ್‌ಪಿಯೊಂದನ್ನು ದೊಡ್ಡ ಬೆಲೆಗೆ ಕೊಂಡೆ. ಹೊದಿಕೆ ಚೆನ್ನಾಗಿದೆ. ಆದರೆ ಹಾಡು ಮೊಬೈಲಿನಲ್ಲಿ ಕೇಳಿದಂತೆಯೇ ಇದೆ, ತೆಳುವಾಗಿದೆ, ನಡುನಡುವೆ ಕರಕರ ಸದ್ದು ಬೇರೆ. ಇದು ನಕಲಿಯೇ? ತಿಳಿಯುವುದು ಹೇಗೆ?
(ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ)

ಉತ್ತರ: ನಕಲಿ ಎನ್ನುವುದಕ್ಕೂ ಕಳಪೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಹಕ್ಕುಳ್ಳ ಕಂಪನಿಯೇ ಹೊರತಂದಿದ್ದರೂ, ಮೂಲ ಟೇಪನ್ನು ಮುಟ್ಟದೆ ಸಿಡಿಗೆಂದು ತಯಾರಿಸಿದ್ದ ಹಳೆಯ ಡಿಜಿಟಲ್ ಕಡತವನ್ನೇ ತಟ್ಟೆಗೆ ಇಳಿಸಿದ್ದರೆ ನಿಮ್ಮ ಕಿವಿ ಹೇಳಿದ್ದು ಸರಿ: ಮೊಬೈಲಿನಲ್ಲಿರುವುದೂ ತಟ್ಟೆಯಲ್ಲಿರುವುದೂ ಒಂದೇ. ಮೂಲ ಟೇಪಿನಿಂದ ಮಾಡಿದ್ದರೆ ಕಂಪನಿಗಳು ಆ ಮಾತನ್ನು ಹೊದಿಕೆಯ ಮೇಲೆ ಹೆಮ್ಮೆಯಿಂದ ಅಚ್ಚು ಮಾಡುತ್ತವೆ. ಅದರ ಬಗ್ಗೆ ಒಂದು ಅಕ್ಷರವೂ ಇಲ್ಲದಿದ್ದರೆ ಅನುಮಾನಿಸಬಹುದು.

ನಕಲಿಯನ್ನು ಗುರುತಿಸಲು ತಟ್ಟೆಯನ್ನು ಬೆಳಕಿಗೆ ಹಿಡಿದು, ಕೊನೆಯ ಹಾಡಿಗೂ ಕಾಗದದ ಲೇಬಲ್ಲಿಗೂ ನಡುವೆ ಇರುವ ನುಣುಪಾದ ಪಟ್ಟಿಯನ್ನು ನೋಡಿ. ಅಲ್ಲಿ ಕೊರೆದ ಅಥವಾ ಒತ್ತಿದ ಸಂಖ್ಯೆಯೊಂದು ಇರುತ್ತದೆ. ಅದನ್ನು ಮ್ಯಾಟ್ರಿಕ್ಸ್ ಸಂಖ್ಯೆ ಎನ್ನುತ್ತಾರೆ. ತಟ್ಟೆಯ ಅಚ್ಚನ್ನು ತಯಾರಿಸುವಾಗಲೇ ಮೂಡುವ ಈ ಸಂಖ್ಯೆ ಕಂಪನಿಯ ಇತರ ಮುದ್ರಿಕೆಗಳ ಮಾದರಿಯಲ್ಲೇ ಇದೆಯೇ ಎಂದು ಹೋಲಿಸಿ. ಹೊದಿಕೆಯ ಮೇಲೆ ಹಕ್ಕುಳ್ಳವರ ಹೆಸರು, ವರ್ಷ, ತಯಾರಕರ ವಿಳಾಸ ಇವೆಯೇ, ಚಿತ್ರಗಳ ಅಂಚುಗಳು ಸ್ಕ್ಯಾನ್ ಮಾಡಿದಂತೆ ಮಸುಕಾಗಿವೆಯೇ ಎಂಬುದನ್ನೂ ನೋಡಬೇಕು. ವಿಳಾಸವೇ ಇಲ್ಲದ ಸೀಮಿತ ಆವೃತ್ತಿಯನ್ನು ನಾನು ಎಂದಿಗೂ ಕೊಳ್ಳುವುದಿಲ್ಲ. ಅದಕ್ಕೆ ಕೊಟ್ಟ ಹಣದಲ್ಲಿ ಒಂದು ಪೈಸೆಯೂ ಸಂಗೀತ ನಿರ್ದೇಶಕರ, ಕವಿಗಳ, ಗಾಯಕರ ಮನೆಯವರನ್ನು ತಲುಪುವುದಿಲ್ಲ.

ಕರಕರ ಸದ್ದಿಗೆ ಬೇರೆ ಕಾರಣಗಳೂ ಇರಬಹುದು. ತಟ್ಟೆಯೊಳಗೇ ಚಿತ್ರ ಮೂಡಿರುವ ಪಿಕ್ಚರ್ ಡಿಸ್ಕ್ ಆಗಿದ್ದರೆ ಅದರ ಮೇಲ್ಮೈಯಲ್ಲಿ ಸದ್ದು ಹೆಚ್ಚಿರುವುದು ಸಹಜ. ಮಾಮೂಲು ತಟ್ಟೆಯಾಗಿದ್ದರೆ ಕಾರ್ಖಾನೆಯ ದೂಳು ಮತ್ತು ಕಾಗದದ ಚೂರುಗಳು ಅಂಟಿಕೊಂಡಿರಬಹುದು. ಒಮ್ಮೆ ಡಿಸ್ಟಿಲ್ಡ್ ನೀರಿನಲ್ಲಿ ತೋಯಿಸಿದ ಮೃದುವಾದ ಬಟ್ಟೆಯಿಂದ ಗೆರೆಗಳ ಗುಂಟ ಒರೆಸಿ, ಒಣಗಿಸಿ ಕೇಳಿ ನೋಡಿ. ನಮ್ಮ ಕಡೆಯ ಬೋರ್‌ವೆಲ್ ನೀರನ್ನು ಮಾತ್ರ ಬಳಸಬೇಡಿ, ಗಡಸು ನೀರಿನ ಉಪ್ಪು ಗೆರೆಯಲ್ಲೇ ಕೂತುಬಿಡುತ್ತದೆ.

ಪ್ರಶ್ನೆ: ಮುಂಗಡ ಹಣ ಕೊಟ್ಟು ಒಂದು ವರ್ಷ ಕಾದ ಎಲ್‌ಪಿ ಮೇ ತಿಂಗಳಲ್ಲಿ ಬಂತು. ಕೊರಿಯರ್ ಗೋದಾಮಿನಲ್ಲಿ ಎರಡು ದಿನ ಬಿದ್ದಿತ್ತಂತೆ. ತೆಗೆದು ನೋಡಿದರೆ ತಟ್ಟೆ ಹಪ್ಪಳದಂತೆ ಅಲೆಯಾಗಿದೆ. ಸರಿಪಡಿಸಬಹುದೇ? ಇಷ್ಟು ತಡವಾಗುವುದಾದರೂ ಏಕೆ?
(ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ)

ಉತ್ತರ: ಎಲ್‌ಪಿಯನ್ನು ಮಾಡುವುದು ಪಿವಿಸಿ ಪ್ಲಾಸ್ಟಿಕ್ಕಿನಿಂದ. ಅದು ಕರಗುವುದಿಲ್ಲವಾದರೂ 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೆತ್ತಗಾಗಿ ತನ್ನ ಭಾರಕ್ಕೇ ಬಾಗತೊಡಗುತ್ತದೆ. ರಾಯಚೂರಿನಲ್ಲಿ ಹೊರಗೆ 42, 43 ಡಿಗ್ರಿ ಇರುವ ದಿನ ತಗಡಿನ ಸೂರಿನ ಗೋದಾಮಿನಲ್ಲಿ, ಬಿಸಿಲಿಗೆ ನಿಂತ ವ್ಯಾನಿನಲ್ಲಿ ಆ ಶಾಖ ಸುಲಭವಾಗಿ ಮುಟ್ಟುತ್ತದೆ. ಎರಡು ದಪ್ಪ ಗಾಜಿನ ನಡುವೆ ಇಟ್ಟು ಬಿಸಿಲಿನಲ್ಲೋ ಒಲೆಯ ಬಳಿಯೋ ಕಾಯಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ, ಏಕೆಂದರೆ ತಟ್ಟೆ ಸಪಾಟಾದರೂ ಗೆರೆಗಳು ಹಾಳಾಗುತ್ತವೆ. ಗಾಜುಗಳ ನಡುವೆ ತೂಕ ಹೇರಿ, ಕೋಣೆಯ ಶಾಖದಲ್ಲೇ ಹಲವು ವಾರ ಬಿಡಿ. ಮುಳ್ಳು ಹಾರದೆ ಓಡುವಷ್ಟು ಸರಿಹೋದರೆ ಅಷ್ಟಕ್ಕೆ ತೃಪ್ತಿಪಡಬೇಕು. ಮುಂದೆ ಕೊಳ್ಳುವಾಗ, ಪಾರ್ಸಲನ್ನು ತಡೆದು ಬೇರೆ ಮುದ್ರಿಕೆಗಳ ಜೊತೆ ಕಳಿಸುವ ಸೌಲಭ್ಯ ಮಾರುವವರಲ್ಲಿ ಇದ್ದರೆ ಕೇಳಿಕೊಂಡು, ನವೆಂಬರಿನಿಂದ ಫೆಬ್ರುವರಿಯ ಒಳಗೆ ತರಿಸಿಕೊಳ್ಳಿ. ಪಾರ್ಸಲ್ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಂಡರೆ ಹಣ ಮರಳಿ ಕೇಳಲು ಆಧಾರವಿರುತ್ತದೆ.

ತಡವಾಗುವುದಕ್ಕೆ ಕಾರಣ ಕಾರ್ಖಾನೆಗಳ ಕೊರತೆ. ಎಲ್‌ಪಿಯನ್ನು ಒತ್ತುವ ಮೊದಲು ಅರಗಿನಂಥ ಲ್ಯಾಕರ್ ಬಳಿದ ತಟ್ಟೆಯ ಮೇಲೆ ಸಂಗೀತವನ್ನು ಕೊರೆದು, ಅದರಿಂದ ಲೋಹದ ಅಚ್ಚು ತೆಗೆಯಬೇಕು. ಆ ಲ್ಯಾಕರ್ ತಟ್ಟೆಗಳನ್ನು ಜಗತ್ತಿನಲ್ಲಿ ಮುಖ್ಯವಾಗಿ ತಯಾರಿಸುತ್ತಿದ್ದವು ಎರಡೇ ಕಾರ್ಖಾನೆಗಳು. ಅವುಗಳಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಎಂಬಲ್ಲಿದ್ದ ಅಪೋಲೊ ಮಾಸ್ಟರ್ಸ್ 2020ರ ಫೆಬ್ರುವರಿಯಲ್ಲಿ ಸುಟ್ಟುಹೋಯಿತು; ಉಳಿದದ್ದು ಜಪಾನಿನದು. ಅದೇ ಹೊತ್ತಿಗೆ ಎಲ್‌ಪಿಯ ಬೇಡಿಕೆ ಏರಿ, ದೊಡ್ಡ ಕಂಪನಿಗಳ ಲಕ್ಷಗಟ್ಟಲೆ ಪ್ರತಿಗಳ ಹಿಂದೆ ಐನೂರು ಪ್ರತಿಗಳ ಸಣ್ಣ ಸಂಸ್ಥೆ ಸಾಲಿನಲ್ಲಿ ನಿಲ್ಲಬೇಕಾಯಿತು.

ಪ್ರಶ್ನೆ: ನಮ್ಮ ಯಜಮಾನರು ಪ್ರತಿ ಎಲ್‌ಪಿಯನ್ನೂ ಎರಡೆರಡು ಕೊಳ್ಳುತ್ತಾರೆ. ಒಂದು ಕೇಳಲಿಕ್ಕೆ, ಇನ್ನೊಂದು ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚದೆ ಬೀರುವಿನ ಮೇಲೆ ಇಡಲಿಕ್ಕೆ. ಮುಂದೆ ಬೆಲೆ ಬರುತ್ತದೆ ಎನ್ನುತ್ತಾರೆ. ನಿಜವೇ?
(ಓದುಗರು, ಬಳ್ಳಾರಿ)

ಉತ್ತರ: ತಾಯಿ, ಬಿಚ್ಚದ ಪ್ರತಿಗೆ ಹೆಚ್ಚು ಬೆಲೆ ಬರುವುದುಂಟು. ಆದರೆ ಬಳ್ಳಾರಿಯ ಬಿಸಿಲಿನಲ್ಲಿ, ಅದೂ ತಾರಸಿಯ ಶಾಖ ನೇರವಾಗಿ ಇಳಿಯುವ ಬೀರುವಿನ ಮೇಲೆ ಇಟ್ಟರೆ, ಬಿಗಿಯಾಗಿ ಸುತ್ತಿದ ಆ ಹಾಳೆ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಬಿಗಿದು ಹೊದಿಕೆಯನ್ನೂ ತಟ್ಟೆಯನ್ನೂ ಬಾಗಿಸಿಬಿಡುತ್ತದೆ. ಕೊಂಡವನು ಬಿಚ್ಚಿದ ದಿನ ಅದು ತಿಳಿಯುತ್ತದೆ. ಹಾಳೆಯನ್ನು ತೆಗೆದು, ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಕವರಿನಲ್ಲಿ ಹಾಕಿ, ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೇರವಾಗಿ ನಿಲ್ಲಿಸಿ, ಬಿಸಿಲು ಬೀಳದ ಒಳಗೋಡೆಗೆ ಸೇರಿದ ಕಪಾಟಿನಲ್ಲಿ ಇಡಲು ಹೇಳಿ. ದಪ್ಪನೆಯ ಪಿವಿಸಿ ಕವರು ಬೇಡ. ಅದು ಕಾಲಕ್ರಮೇಣ ತಟ್ಟೆಯ ಮೇಲೆ ಮಂಜಿನಂಥ ಕಲೆ ಬಿಡುತ್ತದೆ. ಎರಡನೆಯ ಪ್ರತಿಯನ್ನು ಕೊಳ್ಳುವ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, 500 ಪ್ರತಿಗಳ ಮುದ್ರಿಕೆಯಲ್ಲಿ ಒಬ್ಬರು ಎರಡು ಇಟ್ಟುಕೊಂಡರೆ ಕೇಳಬೇಕೆಂದು ಕಾದಿದ್ದ ಇನ್ನೊಬ್ಬರಿಗೆ ಅದು ಇಲ್ಲವಾಗುತ್ತದೆ. ಇದು ಸರಿಯಲ್ಲ.

ಪ್ರಶ್ನೆ: ಸುಂಕ ತಪ್ಪಿಸಲು ವಿದೇಶದ ಮಾರಾಟಗಾರರಿಗೆ ಪಾರ್ಸಲಿನ ಮೇಲೆ ‘ಉಡುಗೊರೆ’ ಎಂದು ಬರೆಯಿರಿ ಎನ್ನಬಹುದೇ?
(ವಿದ್ಯಾರ್ಥಿ, ಕೊಪ್ಪಳ)

ಉತ್ತರ: ಬೇಡ. ಸುಳ್ಳು ಘೋಷಣೆ ಎಂಬುದು ಒಂದು ಕಡೆಗಿರಲಿ, ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ವಸ್ತು ತರಿಸುವ ಸೌಲಭ್ಯವನ್ನು ರಾಖಿ, ಜೀವರಕ್ಷಕ ಔಷಧಗಳ ಹೊರತು ಉಳಿದವುಗಳಿಗೆ 2019ರ ಡಿಸೆಂಬರಿನಲ್ಲೇ ನಿಲ್ಲಿಸಲಾಗಿದೆ. ಸುಂಕವನ್ನು ವಸ್ತುವಿನ ಬೆಲೆಗೆ ಸಾಗಣೆ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ, ಅದರ ಮೇಲೆ ಜಿಎಸ್‌ಟಿ, ಕೊರಿಯರಿನವರ ಶುಲ್ಕ ಬೇರೆ. ನಾಲ್ಕಾರು ಗೆಳೆಯರು ಕೂಡಿ ಒಂದೇ ಪಾರ್ಸಲಿನಲ್ಲಿ ತರಿಸಿಕೊಂಡರೆ ಸಾಗಣೆಯ ಭಾರ ಹಂಚಿಹೋಗುತ್ತದೆ.

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ಹಳೆಯ ರೆಕಾರ್ಡುಗಳು ಸಿಕ್ಕವು. ಕೆಲವು ಕನ್ನಡ, ಬಹಳಷ್ಟು ತೆಲುಗು, ಒಂದಷ್ಟು ನಾಟಕದ ಹಾಡುಗಳು. ಗುಜರಿಯವರು ಒಟ್ಟಿಗೆ ಒಂದು ಬೆಲೆ ಹೇಳುತ್ತಿದ್ದಾರೆ. ಇವೂ ಲಿಮಿಟೆಡ್ ಎಡಿಷನ್‌ಗಳೇ? ಕೊಟ್ಟುಬಿಡಲೇ?
(ಓದುಗರು, ಬ್ರೂಸ್‌ಪೇಟೆ, ಬಳ್ಳಾರಿ)

ಉತ್ತರ: ದಯವಿಟ್ಟು ಈ ಉತ್ತರವನ್ನು ಪೂರ್ತಿ ಓದುವವರೆಗೂ ಕೊಡದೆ ಇರಿ. ಅವುಗಳ ಮೇಲೆ ಯಾರೂ ಸಂಖ್ಯೆ ಹಾಕಿಲ್ಲ. ಆದರೂ ಅವುಗಳಲ್ಲಿ ಕೆಲವು ಈಗ ಬರುವ ಯಾವುದೇ ಬಣ್ಣದ ತಟ್ಟೆಗಿಂತ ವಿರಳವಾಗಿರಬಹುದು. ಹಳೆಯದೆಲ್ಲ ಅಪರೂಪವಲ್ಲ ಎಂಬುದನ್ನೂ ಹೇಳಬೇಕು: ಜನಪ್ರಿಯ ಚಿತ್ರಗೀತೆಗಳ ಇಪಿಗಳು ಕೊಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಹೇರಳವಾಗಿ ಅಚ್ಚಾಗಿದ್ದು, ಈಗಲೂ ಸಂತೆಗಳಲ್ಲಿ ಸಿಗುತ್ತವೆ. ನೀವು ಹೇಳಿದ ನಾಟಕದ ಹಾಡುಗಳ ತಟ್ಟೆಗಳು ಹಾಗಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದರಾಸಿನ ಆಡಳಿತದಲ್ಲಿತ್ತು. ಇಲ್ಲಿಯ ಮನೆಗಳಲ್ಲಿ ಕನ್ನಡ, ತೆಲುಗು ತಟ್ಟೆಗಳು ಒಂದೇ ಪೆಟ್ಟಿಗೆಯಲ್ಲಿ ಕೂಡಿರುವುದು ಅದರ ಗುರುತು. ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರಿನಲ್ಲಿ ಎರಡೂ ಭಾಷೆಯ ನಾಟಕಗಳನ್ನು ನೋಡಿ, ಮರುದಿನ ಅಂಗಡಿಯಲ್ಲಿ ಆ ಹಾಡುಗಳನ್ನು ಕೇಳಿದವರು ಕೊಂಡ ತಟ್ಟೆಗಳವು. ಚಿತ್ರಗೀತೆಗಳಿಗೆ ಹೋಲಿಸಿದರೆ ಅವು ಕಡಿಮೆ ಸಂಖ್ಯೆಯಲ್ಲಿ ಮಾರಾಟವಾದವು. ಮುರಿದು ಹಾಳಾದವೂ ಬಹಳ.

ಮೊದಲು ವಿಂಗಡಿಸಿ. ಭಾರವಾಗಿದ್ದು ಬಿದ್ದರೆ ಗಾಜಿನಂತೆ ಒಡೆಯುವ ಹತ್ತು ಅಂಗುಲದ ತಟ್ಟೆಗಳು ಅರಗಿನ 78ಗಳು. ನಮ್ಮಲ್ಲಿ 1960ರ ದಶಕದ ಕೊನೆಯವರೆಗೂ ಬಂದಿವೆ. ಬಾಗುವಂಥ ಏಳು ಮತ್ತು ಹನ್ನೆರಡು ಅಂಗುಲದವು ಪ್ಲಾಸ್ಟಿಕ್ಕಿನವು. ಅರಗಿನ ತಟ್ಟೆಯನ್ನು ಸ್ಪಿರಿಟ್ ಹಾಕಿ ಎಂದಿಗೂ ಒರೆಸಬೇಡಿ, ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಒಣ ಬ್ರಷ್ಷಿನಿಂದ ದೂಳು ತೆಗೆದರೆ ಸಾಕು. ಎಲ್‌ಪಿಯ ಮುಳ್ಳಿನಿಂದ 78ನ್ನು ನುಡಿಸಬೇಡಿ. ಅದರ ಗೆರೆ ಅಗಲವಾದದ್ದರಿಂದ ಸುಮಾರು ನಾಲ್ಕು ಪಟ್ಟು ದಪ್ಪದ ಬೇರೆಯೇ ಮುಳ್ಳು ಬೇಕು. ತಂದೆಯವರ ಕಾಲದ ಕೀಲಿ ಕೊಡುವ ಗ್ರಾಮಫೋನ್ ಇದ್ದರೂ ಅದರಲ್ಲಿ ಹಾಕಬೇಡಿ. ಆ ಯಂತ್ರದ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು, ಹಳೆಯ ಮುಳ್ಳು ತಟ್ಟೆಯನ್ನು ತೇಯುತ್ತದೆ.

ಆಮೇಲೆ ಒಂದೊಂದರ ಎರಡೂ ಲೇಬಲ್ಲುಗಳ ಫೋಟೊ ತೆಗೆದು ಪಟ್ಟಿ ಮಾಡಿ: ಕಂಪನಿಯ ಹೆಸರು, ಮುದ್ರಿಕೆಯ ಸಂಖ್ಯೆ, ಹಾಡಿನ ಮೊದಲ ಸಾಲು, ಹಾಡಿದವರು, ನಾಟಕ ಅಥವಾ ಚಿತ್ರದ ಹೆಸರು, ತಟ್ಟೆಯಲ್ಲಿ ಬಿರುಕಿದೆಯೇ ಎಂಬುದು. ಸರಿಯಾದ ಮುಳ್ಳು ಇರುವವರ ನೆರವಿನಿಂದ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಸ್ವಂತ ಬಳಕೆಗೆ, ಅಧ್ಯಯನಕ್ಕೆ ಹೀಗೆ ಮಾಡಿಕೊಳ್ಳಲು ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆ. ಎಲ್ಲರಿಗೂ ಹಂಚುವ ಮಾತು ಬೇರೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1960ರಲ್ಲಿ ಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಹಾಡು ಬರೆದವರ ಮತ್ತು ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ನಂತರವೂ 60 ವರ್ಷ ಉಳಿಯುವುದರಿಂದ, ಅದನ್ನು ವಿಚಾರಿಸದೆ ಯೂಟ್ಯೂಬಿಗೆ ಹಾಕಬೇಡಿ.

ಮಾರಲೇಬೇಕಾದ ಅಗತ್ಯವಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಟ್ಟಿಗೆ ತೂಕದ ಲೆಕ್ಕದಲ್ಲಿ ಕೊಡದೆ, ಪಟ್ಟಿಯನ್ನು ತೋರಿಸಿ ಒಂದೊಂದಕ್ಕೂ ಬೆಲೆ ಕೇಳಿ. ನಾಟಕದ ತಟ್ಟೆಗಳನ್ನು ಮಾತ್ರ ಬೇರೆಯಾಗಿ ತೆಗೆದಿರಿಸಿ, ಅವುಗಳ ಪಟ್ಟಿಯ ಒಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಯಾವುವು ಬೇರೆ ಸಂಗ್ರಹಗಳಲ್ಲಿ ಈಗಾಗಲೇ ಇವೆ, ಯಾವುವು ಎಲ್ಲೂ ಕಂಡುಬಂದಿಲ್ಲ ಎಂಬುದನ್ನು ನೋಡಿ ನಿಮಗೆ ನೇರವಾಗಿ ಬರೆಯುತ್ತೇನೆ.